ಮಂಗಳೂರು ಹಳೆ ಬಂದರಲ್ಲಿ ನೋಡ್ಲಿಕ್ಕೆ ಎಂಥ ಉಂಟು? ದಾವಣಗೆರೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ನಮ್ಮ ಅಪ್ಪಾಜಿಗೆ ಈಗ 76 ವರ್ಷ, 1970ರ ಸುಮಾರಿಗೆ ಲಾರಿ ಓಡಿಸ್ತಿದ್ರು, ಮೂಟೆ ಲೋಡು ತಗೊಂಡು ಮಂಗಳೂರು ಬಂದರಿಗೆ ಬಂದು ವಾಪಸ್ ಹಂಚು ತುಂಬ್ಕೊಂಡು ಬರ್ತಿದ್ರಂತೆ. ಮರದ ಹಡಗು, ಮಂಜಿ ಅಂತ ಇನ್ನೂ ಹೇಳ್ತಾನೇ ಇರ್ತಾರೆ. ಒಂದ್ಸಲ ಅಲ್ಲಿಗೇ ಕರ್ಕೊಂಡು ಹೋಗ್ಬೇಕು ಅಂತ ಆಸೆ, ಜೊತೆಗೆ 9 ವರ್ಷದ ಮಗಳೂ ಇರ್ತಾಳೆ. ಆದ್ರೆ ಮಂಗಳೂರಲ್ಲಿರೋ ಫ್ರೆಂಡ್ಸ್ ಎಲ್ಲಾ, ಹಳೆ ಬಂದರು ಮುಚ್ಚಿ ಎಷ್ಟೋ ವರ್ಷ ಆಯ್ತು, ಮೀನು ವಾಸನೆ ಬಿಟ್ರೆ ಅಲ್ಲಿ ಏನೂ ಇಲ್ಲ, ಬೀಚಿಗೆ ಹೋಗಿ ಅಂತಿದಾರೆ. ನಿಜಾನಾ? ಸುಲ್ತಾನ್ ಬತ್ತೇರಿಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅಂತಾರಲ್ಲ, ಅದು? ಬಂದರಿನ ಮಸೀದಿ 1,400 ವರ್ಷದ್ದು ಅಂತಾರೆ, ನಾವು ಒಳಗೆ ಹೋಗ್ಬಹುದಾ? ನಮ್ಮ ಹಳೆ ಮನೆ ಹಂಚಿನ ಮೇಲೆ 1865 ಅಂತ ಅಚ್ಚು ಇದೆ, ಅದು ಅಷ್ಟು ಹಳೇದಾ? ಮಂಜಿ ಮೇಲೆ ಹತ್ತೋಕೆ ಆಗುತ್ತಾ? ವಯಸ್ಸಾದವರನ್ನ, ಮಗೂನ ಕರ್ಕೊಂಡು ಹೋಗೋದು ಸೇಫಾ?

ಉತ್ತರ:

ನಿಮ್ಮ ಪತ್ರ ಓದಿ ತುಂಬ ಖುಷಿ ಆಯ್ತು. ಯಾಕಂದ್ರೆ ಬಂದರು ನೋಡ್ಲಿಕ್ಕೆ ಬರೋರು ಹೆಚ್ಚಿನವರು ಫೋಟೋ ನೋಡಿ ಬರೋದು, ಅಲ್ಲಿ ದುಡಿದ ಮನುಷ್ಯನನ್ನೇ ಕರ್ಕೊಂಡು ಬರ್ತೇನೆ ಅಂತ ಬರೆದವರು ಕಡಿಮೆ. ನಾನು ಕಾಲೇಜಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವ, ಕರಾವಳಿ ವ್ಯಾಪಾರದ ಇತಿಹಾಸ ನನ್ನ ವಿಷಯ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯ್ತು ವಿದ್ಯಾರ್ಥಿಗಳನ್ನು ಹೊರಗಿನವರನ್ನು ಬಂದರಿನ ಬೀದಿಗಳಲ್ಲಿ ನಡೆಸ್ತಾ. ನಿಮ್ಮ ನಿಜವಾದ ಚಿಂತೆ ನನಗೆ ಕಂಡದ್ದು ಹೀಗೆ, ಇಷ್ಟು ದೂರ ಅಪ್ಪಾಜಿಯನ್ನು ಕರ್ಕೊಂಡು ಬಂದು, ಅವರ ನೆನಪಿನ ಬಂದರು ಅಲ್ಲಿ ಇಲ್ಲದೆ ಹೋದ್ರೆ ಅವರಿಗೆ ಬೇಜಾರಾಗ್ತದಲ್ಲ ಅಂತ. ಅದಕ್ಕೇ ಮೊದಲು ಉತ್ತರ ಕೊಡ್ತೇನೆ.

ಬಂದರು ಮುಚ್ಚಿಲ್ಲ. ನಿಮ್ಮ ಫ್ರೆಂಡ್ಸ್ ಹೇಳೋದಕ್ಕೆ ಒಂದು ಕಾರಣ ಉಂಟು, ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಶುರುವಾಗಿ 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ ಮೇಲೆ ದೊಡ್ಡ ಹಡಗುಗಳೆಲ್ಲ ಆ ಕಡೆ ಹೋದವು, ಊರಿನವರ ಬಾಯಲ್ಲಿ ಇದು "ಹಳೆ ಬಂದರು" ಆಯ್ತು, ಹಳೆ ಅಂದ ಕೂಡ್ಲೇ ಜನ ಮುಚ್ಚಿದೆ ಅಂತ ತಿಳ್ಕೊಂಡ್ರು. ಆದರೆ ಪಣಂಬೂರು ಕೇಂದ್ರದ್ದು, ಇದು ರಾಜ್ಯ ಸರ್ಕಾರದ್ದು, ಇವತ್ತಿಗೂ ಇಲ್ಲಿಂದ ಲಕ್ಷದ್ವೀಪಕ್ಕೆ ಮಂಜಿ ಹೋಗ್ತದೆ. ಅಪ್ಪಾಜಿ ನೋಡಿದ ಮಂಜಿಗೆ ಹಾಯಿ ಇತ್ತು, ಈಗಿನದ್ದಕ್ಕೆ ಇಂಜಿನ್ನು, ಅಷ್ಟು ವ್ಯತ್ಯಾಸ. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ, ಬಾಳೆಗೊನೆ, ಆ ದ್ವೀಪದಲ್ಲಿ ಒಂದು ಮನೆ ಕಟ್ಟಬೇಕಾದ್ರೆ ಕಲ್ಲಿನಿಂದ ಹಿಡಿದು ಎಷ್ಟೋ ಸಾಮಾನು ಈ ನದಿಯಿಂದ ಹೋಗ್ಬೇಕು. ಇದು ಇವತ್ತು ನಿನ್ನೆಯ ಸಂಬಂಧ ಅಲ್ಲ. ಅಮೀನ್‌ದೀವಿ ಗುಂಪಿನ ದ್ವೀಪಗಳು, ಅಂದ್ರೆ ಲಕ್ಷದ್ವೀಪದ ಉತ್ತರ ಭಾಗದವು, 1787ರಲ್ಲಿ ಟಿಪ್ಪುವಿನ ಕೈಗೆ ಬಂದವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಮಂಗಳೂರಿನಿಂದಲೇ ಆಳಿದ್ರು, 1956ರಲ್ಲಿ ಬೇರೆ ಕೇಂದ್ರಾಡಳಿತ ಪ್ರದೇಶ ಆಗುವ ತನಕ ಅಲ್ಲಿನವರಿಗೆ ಕಚೇರಿ ಅಂದ್ರೆ ಮಂಗಳೂರು. ದ್ವೀಪದವರು ತೆಂಗಿನ ನಾರಿನ ಹುರಿ ತರೋದು, ಇಲ್ಲಿಂದ ಅಕ್ಕಿ ತಗೊಂಡು ಹೋಗೋದು, ಅದೇ ಲೆಕ್ಕ.

ಹಾಗಾದ್ರೆ ದೊಡ್ಡ ಹಡಗು ಯಾಕೆ ಬಿಟ್ಟು ಹೋದವು? ಕೆಲವರು ರಾಜಕೀಯ ಅಂತಾರೆ, ಕೆಲವರು ನಿರ್ಲಕ್ಷ್ಯ ಅಂತಾರೆ. ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಮರಳು. ನೇತ್ರಾವತಿ ಮತ್ತು ಗುರುಪುರ ನದಿ, ಫಲ್ಗುಣಿ ಅಂತಲೂ ಹೇಳ್ತಾರೆ, ಎರಡೂ ಘಟ್ಟದಿಂದ ಇಳಿದು ಬಂದು ಸಮುದ್ರದ ಹತ್ತಿರ ಬಂದ ಮೇಲೆ ನೇರ ಸೇರೋದಿಲ್ಲ. ಎದುರಿಗೆ ಒಂದು ಉದ್ದದ ಮರಳಿನ ಪಟ್ಟಿ ಉಂಟು, ಅದೇ ಬೆಂಗ್ರೆ. ಗುರುಪುರ ನದಿ ಬೆಂಗ್ರೆಯ ಹಿಂದೆ ದಕ್ಷಿಣಕ್ಕೆ ಹರಿದು ಬಂದು ನೇತ್ರಾವತಿ ಜೊತೆ ಸೇರಿ ಒಂದೇ ಬಾಗಿಲಲ್ಲಿ ಸಮುದ್ರಕ್ಕೆ ಹೋಗ್ತದೆ, ಅದಕ್ಕೆ ನಾವು ಅಳಿವೆ ಬಾಗಿಲು ಅನ್ನೋದು. ಈಗ ನೋಡಿ, ಇದೇ ಬೆಂಗ್ರೆ ಸಮುದ್ರದ ಅಲೆಯನ್ನು ತಡೆದು ಒಳಗೆ ಶಾಂತ ನೀರು ಮಾಡಿ ಕೊಟ್ಟದ್ದು, ಹಾಗಾಗಿ ಇಲ್ಲಿ ಬಂದರು ಹುಟ್ಟಿದ್ದು. ಅದೇ ಮರಳು ಅಳಿವೆ ಬಾಗಿಲಲ್ಲಿ ಕೂತು ದೊಡ್ಡ ಹಡಗನ್ನು ಒಳಗೆ ಬಿಡದೆ ಮಾಡಿದ್ದೂ. ಮಳೆಗಾಲದಲ್ಲಿ ನದಿ ಕೊಚ್ಚಿ ತರೋದು, ಸಮುದ್ರ ತಳ್ಳೋದು, ಮಳೆ ಮುಗಿದ ಮೇಲೆ ಬಾಗಿಲಲ್ಲಿ ದಿಬ್ಬ. ಹಾಯಿಯ ಮಂಜಿಗೆ ಕಡಿಮೆ ನೀರು ಸಾಕು, ಉಬ್ಬರ ನೋಡ್ಕೊಂಡು ಒಳಗೆ ಬರ್ತಿತ್ತು. ಉಗಿ ಹಡಗು ಬಂದ ಮೇಲೆ ಅವು ಹೊರಗೆ ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲೋದು, ಕಾಫಿ, ಕಾಳುಮೆಣಸು, ಗೋಡಂಬಿ, ಹಂಚು ಎಲ್ಲ ದೋಣಿಯಲ್ಲಿ ಅಲ್ಲಿತನಕ ಸಾಗಿಸೋದು, ಮಳೆಗಾಲದಲ್ಲಿ ಪೂರ್ತಿ ಬಂದ್. ಹಡಗು ದೊಡ್ಡದಾಗ್ತಾ ಹೋಯ್ತು, ಬಾಗಿಲು ಅಷ್ಟೇ ಇತ್ತು. ಪಣಂಬೂರಲ್ಲಿ ನೆಲ ಅಗೆದು ಹೂಳೆತ್ತಿ ಬೇರೆ ಬಂದರೇ ಮಾಡಬೇಕಾಗಿ ಬಂದದ್ದು ಹಾಗೆ. ನಿಮ್ಮ ಅಪ್ಪಾಜಿ ಬಂದ ವರ್ಷಗಳು ಉಂಟಲ್ಲ, ಅದು ಇಲ್ಲಿ ಪೂರ್ತಿ ಭರಾಟೆ ಇದ್ದ ಕೊನೆಯ ಕಾಲ, ಅದನ್ನು ಕಣ್ಣಾರೆ ಕಂಡವರು ಈಗ ಇಲ್ಲಿಯೂ ಕಡಿಮೆ.

ಇನ್ನು "ನೋಡ್ಲಿಕ್ಕೆ ಏನೂ ಇಲ್ಲ" ಅನ್ನೋ ಮಾತು. ಕೋಟೆ, ಅರಮನೆ, ಟಿಕೆಟ್ ಕೌಂಟರ್ ಹುಡುಕಿದ್ರೆ ಇಲ್ಲ, ಅದು ನಿಜ. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು ಅಂದ್ರೆ ಜನ ಬಂದರನ್ನು ಅದರ ಬೆನ್ನಿನ ಕಡೆಯಿಂದ ನೋಡ್ತಾರೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಇಳಿದು ನಡ್ಕೊಂಡು ಹೋದ್ರೆ ಇಕ್ಕಟ್ಟಿನ ಬೀದಿ, ಲಾರಿ, ಕೈಗಾಡಿ, ಒಣಮೀನು, ಹಗ್ಗದ ಅಂಗಡಿ, ಅಕ್ಕಿ ಬೆಲ್ಲದ ಮಂಡಿ, ತಲೆ ತಿರುಗ್ತದೆ, ಐದು ನಿಮಿಷಕ್ಕೆ ವಾಪಸ್ ಹೊರಡ್ತಾರೆ. ಬಂದರಿನ ಮುಖ ಇರೋದು ನದಿ ಕಡೆಗೆ. ಆ ಗೋದಾಮುಗಳೆಲ್ಲ ಬಂದವರನ್ನು ನೀರಿನ ಕಡೆಯಿಂದ ಬರಮಾಡಿಕೊಳ್ಳಲಿಕ್ಕೆ ಕಟ್ಟಿದ್ದು. ಅದಕ್ಕೆ ನಾನು ಎಲ್ಲರಿಗೂ ಹೇಳೋದು, ಮೊದಲು ಬೆಂಗ್ರೆಗೆ ದಾಟುವ ದೋಣಿ ಹತ್ತಿ. ದಿನಾ ಬೆಂಗ್ರೆಯವರು ಕೆಲಸಕ್ಕೆ ಪೇಟೆಗೆ ಅಂತ ಓಡಾಡುವ ದೋಣಿ ಅದು, ಟೂರಿಸ್ಟ್ ಬೋಟ್ ಅಲ್ಲ, ಕೆಲವೇ ನಿಮಿಷದ ದಾರಿ. ನದಿಯ ನಡುವಿಗೆ ಹೋದ ಮೇಲೆ ತಿರುಗಿ ನೋಡಿದ್ರೆ ಹಂಚಿನ ಮಾಡುಗಳ ಸಾಲು, ಅದರ ಮುಂದೆ ಕಟ್ಟಿ ಹಾಕಿದ ಮಂಜಿಗಳು, ಹಿಂದೆ ಎತ್ತರದಲ್ಲಿ ಬಾವುಟಗುಡ್ಡೆ, ಆಗ ಊರು ಹೇಗೆ ಕೂತಿದೆ ಅಂತ ಒಮ್ಮೆಗೇ ಅರ್ಥ ಆಗ್ತದೆ. ನಿಮ್ಮ ಮಗಳಿಗೆ ನಾನು ಬೋರ್ಡಿನ ಮೇಲೆ ಅರ್ಧ ಗಂಟೆ ಚಿತ್ರ ಬರೆದು ಹೇಳಿದ್ರೂ ಅಷ್ಟು ಆಗ್ಲಿಕ್ಕಿಲ್ಲ.

ಮಂಜಿಗೆ ಲೋಡು ಆಗೋದನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಅವಸರ ಮಾಡ್ಬೇಡಿ. ದಡದಿಂದ ಹಡಗಿಗೆ ಒಂದು ಹಲಗೆ ಹಾಕಿರ್ತಾರೆ, ಒಂದು ಕಾಲಿಗಿಂತ ಸ್ವಲ್ಪ ಅಗಲ. ತಲೆಗೆ ಬೈರಾಸು ಸುತ್ತಿದವರು ಮೂಟೆ ಹೊತ್ತು ಅದರ ಮೇಲೆ ನಡೆಯುವಾಗ ಹಲಗೆ ಬಗ್ಗಿ ಏಳ್ತದೆ, ಅವರ ಹೆಜ್ಜೆ ಹಲಗೆ ಏಳುವ ಲೆಕ್ಕಕ್ಕೇ ಬೀಳೋದು, ಒಬ್ಬ ಇಳಿಯುವ ತನಕ ಇನ್ನೊಬ್ಬ ಹತ್ತುವುದಿಲ್ಲ. ಉಬ್ಬರ ಇದ್ರೆ ಹಲಗೆ ಮೇಲ್ಮುಖ, ಇಳಿತ ಆದಾಗ ಕೆಳಮುಖ, ಹಾಗಾಗಿ ಬೆಳಿಗ್ಗೆ ಹತ್ತಿದ ಹಡಗಿಗೆ ಸಂಜೆ ಇಳಿದು ಹೋಗ್ಬೇಕು. ಯಾವುದಾದ್ರೂ ಮಂಜಿ ರಿಪೇರಿಗೆ ದಡಕ್ಕೆ ಎಳೆದು ಹಾಕಿದ್ದು ಕಂಡ್ರೆ ಅದರ ಹೊಟ್ಟೆ ಹತ್ತಿರ ಹೋಗಿ, ಹಲಗೆ ಹಲಗೆ ನಡುವಿನ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿ ಸುತ್ತಿಗೆ ಹಿಡಿದು ತುರುಕ್ತಾ ಇರ್ತಾರೆ, ಟಕ್ ಟಕ್ ಅಂತ ಶಬ್ದ ದೂರಕ್ಕೂ ಕೇಳ್ತದೆ. ನೀರಿಗೆ ಬಿದ್ದ ಮೇಲೆ ಮರ ಉಬ್ಬಿ ಆ ಹತ್ತಿಯನ್ನು ಹಿಚುಕಿ ಹಿಡ್ಕೊಳ್ತದೆ. ಈ ಕೆಲಸ ಗೊತ್ತಿರೋರು ವರ್ಷ ವರ್ಷ ಕಡಿಮೆ ಆಗ್ತಿದ್ದಾರೆ, ನನಗೆ ತುಂಬ ಸಂಕಟ ಆಗುವ ವಿಷಯ ಇದೇ. ಕಟ್ಟಡ ಬಿದ್ರೆ ಫೋಟೋ ಆದ್ರೂ ಉಳೀತದೆ.

ಮಂಜಿ ಮೇಲೆ ಹತ್ತಲಿಕ್ಕೆ ಆಗ್ತದಾ ಅಂದ್ರೆ, ಆಗುವುದಿಲ್ಲ ಅಂತಲೇ ಇಟ್ಕೊಳ್ಳಿ. ಅದು ಸಾಮಾನಿನ ಹಡಗು, ಬಂದರಿನ ಒಳಗಿನ ಗೇಟು ದಾಟ್ಲಿಕ್ಕೂ ಅಲ್ಲಿನ ಆಫೀಸಲ್ಲಿ ಕೇಳ್ಬೇಕು, ಲಕ್ಷದ್ವೀಪಕ್ಕೆ ಹೋಗ್ಲಿಕ್ಕೆ ಅಂತೂ ಬೇರೆಯೇ ಪರ್ಮಿಟ್ಟು. ಯಾರಾದ್ರೂ ದುಡ್ಡು ಕೊಡಿ ಹತ್ತಿಸ್ತೇನೆ ಅಂದ್ರೆ ಬೇಡ. ಆ ಹಲಗೆ ನಾನು ಹೇಳಿದ್ದು ನೆನಪಿರಲಿ, ಅದು ಅಭ್ಯಾಸ ಇದ್ದವರಿಗೆ ಮಾತ್ರ. ಆದರೆ ನಿಮ್ಮ ಅಪ್ಪಾಜಿ ದಡದಲ್ಲಿ ನಿಂತು, ನಾನು ಆ ಕಾಲದಲ್ಲಿ ಇಲ್ಲಿಗೆ ಲೋಡು ತರ್ತಿದ್ದೆ ಅಂತ ಹೇಳಿದ್ರೆ ಅಲ್ಲಿನ ಹಳಬರು ಮಾತಾಡಿಸದೆ ಬಿಡ್ಲಿಕ್ಕಿಲ್ಲ.

ಸುಲ್ತಾನ್ ಬತ್ತೇರಿ ಸುರಂಗ. ಇಲ್ಲ. ನನ್ನ ಹತ್ರ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ ಇರ್ಬೇಕು. ಬೋಳೂರಿನಲ್ಲಿ ನದಿ ದಡಕ್ಕೆ ಇರುವ ಈ ಕಟ್ಟಡವನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಅದೇ ವರ್ಷ ಮಾರ್ಚ್ 11ಕ್ಕೆ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದ ಆದದ್ದು, ಅದಕ್ಕೆ ಮೊದಲು ತಿಂಗಳುಗಟ್ಟಲೆ ಇಲ್ಲಿನ ಕೋಟೆಗೆ ಮುತ್ತಿಗೆ ನಡೆದಿತ್ತು. ಶತ್ರು ಹಡಗು ನದಿಯೊಳಗೆ ಬಾರದ ಹಾಗೆ ಕಾಯ್ಲಿಕ್ಕೆ ಕಟ್ಟಿದ ಕಾವಲು ಬುರುಜು ಇದು, ಬ್ಯಾಟರಿ ಅಂದ್ರೆ ಇಂಗ್ಲಿಷಲ್ಲಿ ಫಿರಂಗಿ ಸಾಲು, ಅದೇ ನಮ್ಮ ಬಾಯಲ್ಲಿ ಬತ್ತೇರಿ. ಸುತ್ತಲೂ ಫಿರಂಗಿ ಇಡುವ ಕಿಂಡಿಗಳಿವೆ, ಕೆಳಗೆ ಒಂದು ಕೋಣೆ ಉಂಟು, ಅದು ಮದ್ದುಗುಂಡು ಇಡ್ಲಿಕ್ಕೆ. ಆ ಕತ್ತಲೆ ಕೋಣೆ ನೋಡಿದವರಿಗೆ ಸುರಂಗ ಅನ್ನಿಸೋದು ಸಹಜ. ಆದರೆ ಯೋಚನೆ ಮಾಡಿ, ನದಿ ದಡದಲ್ಲಿ ನಾಲ್ಕಾಳು ಆಳ ಅಗೆದ್ರೆ ನೀರು ನುಗ್ತದೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಇನ್ನೂರು ಕಿಲೋಮೀಟರಿಗಿಂತ ಜಾಸ್ತಿ, ಮಧ್ಯೆ ಪೂರ್ತಿ ಪಶ್ಚಿಮ ಘಟ್ಟ. ಮಗಳಿಗೆ ಸುರಂಗದ ಆಸೆ ಹುಟ್ಟಿಸಿ ಕರ್ಕೊಂಡು ಬರ್ಬೇಡಿ, ಕಿಂಡಿಯಿಂದ ನದಿ ನೋಡ್ಲಿಕ್ಕೆ ಹೇಳಿ, ಯಾವ ಕಿಂಡಿಯಿಂದ ಯಾವ ಕಡೆ ದೋಣಿ ಬಂದ್ರೆ ಕಾಣ್ತದೆ ಅಂತ ಅವಳೇ ಲೆಕ್ಕ ಹಾಕ್ಲಿ. ಮ್ಯಾಪಲ್ಲಿ ಹುಡುಕುವಾಗ ಜಾಗ್ರತೆ, ಇದೇ ಹೆಸರಿನ ಊರು ಕೇರಳದ ವಯನಾಡಲ್ಲಿ ಉಂಟು.

ಮಸೀದಿ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ಕ್ರಿ.ಶ. 644ರಲ್ಲಿ, ಇಸ್ಲಾಂ ಪ್ರಚಾರಕ್ಕೆ ಈ ಕರಾವಳಿಗೆ ಬಂದರು ಅಂತ ಹೇಳುವ ಮಾಲಿಕ್ ದೀನಾರ್ ಕಾಲದಲ್ಲಿ ಶುರುವಾದದ್ದು ಅಂತ ಅಲ್ಲಿನ ಸಮುದಾಯ ನಂಬಿಕೊಂಡು ಬಂದ ಪರಂಪರೆ. ಈಗ ನಾವು ನೋಡುವ ಕಟ್ಟಡಕ್ಕೆ ರೂಪ ಬಂದದ್ದು ಬಹಳ ಆಮೇಲೆ, ಟಿಪ್ಪು ಕಾಲದ ಜೊತೆ ಅದರ ಹೆಸರನ್ನು ಸೇರಿಸಿ ಹೇಳ್ತಾರೆ. ಅಂದ್ರೆ 1,400 ವರ್ಷ ಅನ್ನೋದು ನಂಬಿಕೆಯ ವಯಸ್ಸು, ಗೋಡೆಯದ್ದಲ್ಲ. ಇತಿಹಾಸದವನಾಗಿ ನಾನು ಎರಡನ್ನೂ ಬೇರೆ ಬೇರೆ ಇಟ್ಟು ಗೌರವದಿಂದ ಹೇಳ್ತೇನೆ. ಒಳಗಿನ ಮರದ ಕೆತ್ತನೆಯ ಕಂಬಗಳು ಅದ್ಭುತ, ನಮ್ಮ ಕರಾವಳಿಯ ಬಡಗಿಗಳ ಕೈ ಅದರಲ್ಲಿ ಎದ್ದು ಕಾಣ್ತದೆ. ಒಳಗೆ ಹೋಗೋದು ಹೇಗೆ ಅಂದ್ರೆ, ನಮಾಜಿನ ಹೊತ್ತು ಬಿಟ್ಟು, ಶುಕ್ರವಾರ ಮಧ್ಯಾಹ್ನ ಅಂತೂ ಬೇಡ, ಬಾಗಿಲ ಹತ್ತಿರ ಇರುವವರಲ್ಲಿ ಕೇಳಿ, ಹೆಂಗಸರು ಎಲ್ಲಿತನಕ ಬರಬಹುದು ಅಂತಲೂ ಅವರನ್ನೇ ಕೇಳಿ, ಬೇಡ ಅಂದ್ರೆ ಹೊರಗಿಂದಲೇ ನೋಡಿ ಬನ್ನಿ. ಫೋಟೋಗೆ ಬೇರೆಯೇ ಅನುಮತಿ ಕೇಳ್ಬೇಕು.

ಬಂದರಿನ ಹಳೇತನಕ್ಕೆ ಕಾಗದದ ಸಾಕ್ಷಿ ಬೇಕಾದ್ರೆ ಅದೂ ಉಂಟು, ಆದರೆ ಅದು ಸಿಕ್ಕಿದ್ದು ಮಂಗಳೂರಲ್ಲಿ ಅಲ್ಲ, ಈಜಿಪ್ಟಿನ ಕೈರೋದಲ್ಲಿ, ಒಂದು ಯಹೂದಿ ಪ್ರಾರ್ಥನಾ ಮಂದಿರದ ಹಳೆ ಕಾಗದ ಹಾಕುವ ಕೋಣೆಯಲ್ಲಿ. ಅಬ್ರಹಾಂ ಬೆನ್ ಯಿಜು ಅಂತ ಟ್ಯುನೀಶಿಯಾ ಕಡೆಯ ವ್ಯಾಪಾರಿ, 1132ರಿಂದ 1149ರ ತನಕ ಹೆಚ್ಚುಕಡಿಮೆ ಹದಿನೇಳು ವರ್ಷ ಈ ಕರಾವಳಿಯಲ್ಲಿ, ಮಂಗಳೂರಲ್ಲಿ ಇದ್ದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಯೆಮನ್ ದೇಶದ ಬಂದರು ಏಡನ್‌ಗೆ ಕಳಿಸೋದು, ಏಡನ್‌ನಿಂದ ಹಳೆ ತಾಮ್ರದ ಪಾತ್ರೆ ಬರೋದು, ಅದನ್ನು ಇಲ್ಲಿನ ಅವನ ಕಾರ್ಖಾನೆಯಲ್ಲಿ ಕರಗಿಸಿ ಹೊಸದು ಮಾಡಿ ವಾಪಸ್ ಕಳಿಸೋದು. ಜೊತೆಗೆ ಅವನಿಗಾಗಿ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರ್ತಿತ್ತು. ಅವನ ಕೆಲಸದಾಳು, ಆಮೇಲೆ ಅವನ ಪರವಾಗಿ ಏಡನ್ ತನಕ ಹೋಗಿ ವ್ಯವಹಾರ ಮಾಡಿ ಬರ್ತಿದ್ದವನ ಹೆಸರು ಬೊಮ್ಮ. ಆ ಹೆಸರು ಓದಿದಾಗೆಲ್ಲ ನನಗೆ ರೋಮಾಂಚನ ಆಗ್ತದೆ, ನಮ್ಮ ಶಾಸನಗಳಲ್ಲಿ ರಾಜರ ಹೆಸರು ಬೇಕಾದಷ್ಟು, ಒಬ್ಬ ದುಡಿಯುವವನ ಹೆಸರು ಸಮುದ್ರದ ಆಚೆ ಕಾಗದದಲ್ಲಿ ಉಳಿದುಕೊಂಡಿದೆ ನೋಡಿ. ಆಮೇಲೆ ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದಾಗ ಪರ್ಷಿಯಾ ಯೆಮನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳಿಯೋದನ್ನು ಬರೆದಿದ್ದಾನೆ, ಊರ ಹೊರಗೆ ಸುಮಾರು 4,000 ಮುಸ್ಲಿಮರು ಇದ್ದಾರೆ ಅಂತಲೂ.

ಹಂಚು. ನಿಮ್ಮ ಮನೆ ಹಂಚಿನ ಮೇಲಿನ 1865 ಆ ಹಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದ್ರು, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಆಮೇಲೆ ಎಷ್ಟೋ ವರ್ಷ ಅದೇ ಇಸವಿ ಅಚ್ಚಲ್ಲಿ ಮುಂದುವರಿಯಿತು. ಹಾಗಾಗಿ 1865 ಅಂತ ಇದ್ದ ಮಾತ್ರಕ್ಕೆ ಅಷ್ಟು ಹಳೇದು ಅಂತ ಯಾರಾದ್ರೂ ಹೆಚ್ಚು ದುಡ್ಡು ಕೇಳಿದ್ರೆ ಕೊಡ್ಬೇಡಿ. ಇನ್ನೊಂದು ಗುರುತು, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್ ವ್ಯಾಪಾರದ ಆಸ್ತಿ ಮುಟ್ಟುಗೋಲು ಹಾಕಿದ್ರು, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿ ಕೈಗೆ ಹೋಯ್ತು, ಹಾಗಾಗಿ ಬಾಸೆಲ್ ಮಿಷನ್ ಅಂತ ಅಚ್ಚು ಇದ್ರೆ ಅದು ನೂರು ವರ್ಷ ದಾಟಿದ್ದು ಅಂತ ಹೇಳ್ಬಹುದು. ಆದರೆ ಅಪ್ಪಾಜಿ 1970ರಲ್ಲಿ ತಂದದ್ದಾದ್ರೆ ಬೇರೆ ಯಾವುದಾದ್ರೂ ಕಾರ್ಖಾನೆಯ ಹೆಸರಿರ್ಬಹುದು, ಆಗ ನೇತ್ರಾವತಿ ಗುರುಪುರ ದಡಗಳಲ್ಲಿ ಸಾಲು ಸಾಲು ಹಂಚಿನ ಕಾರ್ಖಾನೆ ಇದ್ದವು, ಜೇಡಿ ದೋಣಿಯಲ್ಲಿ ಬರೋದು, ಸುಟ್ಟ ಹಂಚು ದೋಣಿಯಲ್ಲೋ ಲಾರಿಯಲ್ಲೋ ಹೋಗೋದು. ಹಂಚನ್ನು ತಿರುಗಿಸಿ ಹೆಸರು ಓದಿ ನೋಡಿ.

ಈಗ ಸೇಫ್ಟಿ. ಮಳೆಗಾಲದಲ್ಲಿ ಬರ್ಬೇಡಿ, ಇದು ಗಟ್ಟಿ ಮಾತು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಮಂಜಿ ಓಡುವುದಿಲ್ಲ, ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ರಜೆ, ಅಪ್ಪಾಜಿಗೆ ತೋರಿಸ್ಲಿಕ್ಕೆ ಕೆಲಸವೇ ನಡೀತಾ ಇರುವುದಿಲ್ಲ, ದೋಣಿ ದಾಟೋದೂ ಕಷ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು. ಮಾರ್ಚ್ ಏಪ್ರಿಲ್‌ನಲ್ಲಿ ಮಂಜಿ ಲೋಡಿಂಗ್ ಭರದಲ್ಲಿರ್ತದೆ, ಮಳೆಗೆ ಮುಂಚೆ ದ್ವೀಪಕ್ಕೆ ಮುಟ್ಟಿಸ್ಬೇಕಲ್ಲ, ಆದರೆ ಆ ಸೆಕೆ ನಿಮ್ಮ ದಾವಣಗೆರೆಯ ಒಣ ಬಿಸಿಲಿನ ಹಾಗಲ್ಲ, ಬೆವರಿ ಸುಸ್ತಾಗ್ತದೆ, 76 ವರ್ಷದವರಿಗೆ ನಾನು ಹೇಳುವುದಿಲ್ಲ.

ಮೀನಿನ ದಕ್ಕೆ, ಅಂದ್ರೆ ದೋಣಿಯಿಂದ ಮೀನು ಇಳಿಸುವ ಕಟ್ಟೆ, ನೋಡಲೇಬೇಕು ಅಂತ ಮಗಳು ಹಠ ಮಾಡಿದ್ರೆ ಬೆಳಿಗ್ಗೆ ಆರರ ಒಳಗೆ ಹೋಗ್ಬೇಕು, ಬಂಗುಡೆ ಬೂತಾಯಿ ರಾಶಿ, ಏಲಂ ಕೂಗು, ಐಸು, ತುಂಬ ಚಂದ. ಆದರೆ ನೆಲ ಪೂರ್ತಿ ಮೀನಿನ ಎಣ್ಣೆ ನೀರು. ಒಂದ್ಸಲ ನಮ್ಮ ಗುಂಪಿನ ಹಿರಿಯರೊಬ್ಬರು ಚರ್ಮದ ಚಪ್ಪಲಿಯಲ್ಲಿ ಬಂದು ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋದದ್ದು, ಅವತ್ತಿನಿಂದ ಅರವತ್ತು ದಾಟಿದವರನ್ನು ದಕ್ಕೆಯ ಒಳಗೆ ನಾನು ಇಳಿಸುವುದಿಲ್ಲ, ಅಂಚಿನಲ್ಲಿ ನಿಲ್ಲಿಸ್ತೇನೆ. ಹಿಡಿತ ಇರುವ ರಬ್ಬರ್ ಸೋಲಿನ ಚಪ್ಪಲಿ ಮೂರು ಜನರಿಗೂ ಬೇಕು. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಬೇಡಿ, ಮೀನು ಮಾರುವ ಹೆಂಗಸರ ಫೋಟೋ ಕೇಳದೆ ತೆಗೀಬೇಡಿ.

ದೋಣಿಗೆ ನಿಮಗೆ ಎರಡು ದಾರಿ. ಒಂದು ಬಂದರಿನಿಂದ ಬೆಂಗ್ರೆಗೆ, ಇನ್ನೊಂದು ಸುಲ್ತಾನ್ ಬತ್ತೇರಿ ಹತ್ತಿರದಿಂದ ತಣ್ಣೀರುಬಾವಿಗೆ. ಬಂದರು ಕಾಣ್ಲಿಕ್ಕೆ ಮೊದಲನೆಯದ್ದು, ಆದರೆ ಬೆಳಿಗ್ಗೆ ಸಂಜೆ ಕೆಲಸಕ್ಕೆ ಹೋಗುವವರ ರಶ್ಶು, ಹತ್ತು ಹನ್ನೊಂದು ಗಂಟೆ ಹೊತ್ತಿಗೆ ಹೋಗಿ. ಎರಡನೆಯದ್ದು ಸಲೀಸು, ಬುರುಜೂ ಆಯ್ತು ಬೀಚೂ ಆಯ್ತು. ಎಲ್ಲಿ ಆದ್ರೂ ಹತ್ತುವ ಇಳಿಯುವ ಹೊತ್ತಿಗೇ ಅಪಾಯ ಜಾಸ್ತಿ, ದೋಣಿ ಪೂರ್ತಿ ನಿಂತು ಹಗ್ಗ ಕಟ್ಟಿದ ಮೇಲೆ ಅಪ್ಪಾಜಿಯನ್ನು ಇಳಿಸಿ, ಮಗಳಿಗೆ ಲೈಫ್ ಜಾಕೆಟ್ ಕೇಳಿ ಹಾಕಿಸಿ, ತುಂಬಿದ ದೋಣಿ ಬಿಟ್ಟು ಮುಂದಿನದ್ದಕ್ಕೆ ಕಾಯಿರಿ. ಬೆಂಗ್ರೆ ತುದಿಗೆ, ಅಳಿವೆ ಬಾಗಿಲ ಹತ್ತಿರ, ನೀರಿಗೆ ಇಳೀಲೇಬೇಡಿ. ಮೇಲಿಂದ ಶಾಂತ ಕಾಣ್ತದೆ, ಇಳಿತದ ಹೊತ್ತಿಗೆ ಎರಡು ನದಿಯ ನೀರು ಒಂದೇ ಬಾಗಿಲಲ್ಲಿ ಹೊರಗೆ ಎಳೀತದೆ, ಈಜು ಬರುವವರನ್ನೂ ಕೊಂಡು ಹೋಗ್ತದೆ.

ನನ್ನನ್ನು ಕೇಳಿದ್ರೆ ಒಂದೇ ದಿನಕ್ಕೆ ಎಲ್ಲ ತುರುಕ್ಬೇಡಿ. ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಬೆಂಗ್ರೆ ದೋಣಿ, ವಾಪಸ್ ಬಂದು ಮಂಜಿ ಲೋಡಿಂಗ್, ಬಿಸಿಲೇರುವ ಮೊದಲು ರೂಮಿಗೆ. ಸಂಜೆ ನಾಲ್ಕರ ಮೇಲೆ ಆಟೋದಲ್ಲಿ ಸುಲ್ತಾನ್ ಬತ್ತೇರಿ, ಬುರುಜಿನ ಮೆಟ್ಟಿಲು ಅಪ್ಪಾಜಿಗೆ ಕಷ್ಟ ಆದ್ರೆ ಕೆಳಗೆ ನದಿ ಹತ್ತಿರ ಕೂತ್ಕೊಳ್ಳಿ. ಮಸೀದಿ, ಮಂಡಿ ಬೀದಿಗಳು ಮರುದಿನಕ್ಕೆ. ಭಾನುವಾರ ಬೇಡ, ಮಂಡಿಯಲ್ಲಿ ಹೆಚ್ಚಿನ ಅಂಗಡಿ ಬಂದ್ ಇರ್ತದೆ.

ಒಂದು ಕೆಲಸ ಮಾಡಿ, ಹೊರಡುವ ಮೊದಲು ಅಪ್ಪಾಜಿ ಹತ್ರ ಕೂತು ಕೇಳಿ, ಲಾರಿ ಎಲ್ಲಿ ನಿಲ್ಲಿಸ್ತಿದ್ರು, ಮೂಟೆ ಯಾವ ಮಂಡಿಗೆ ಇಳಿಸ್ತಿದ್ರು, ಊಟ ಎಲ್ಲಿ ಮಾಡ್ತಿದ್ರು, ಹಂಚು ಯಾವ ಕಾರ್ಖಾನೆಯಿಂದ ತುಂಬ್ತಿದ್ರು ಅಂತ. ಹೆಸರು ನೆನಪಿಲ್ಲದಿದ್ರೆ ಹತ್ತಿರ ಮಸೀದಿ ಇತ್ತಾ, ನದಿ ಕಾಣ್ತಿತ್ತಾ, ಅಷ್ಟು ಗುರುತು ಸಾಕು. ಅದನ್ನು ಬರೆದು ಕಳಿಸಿ, ನೀವು ಬರುವ ಮೊದಲೇ ನಾನೊಮ್ಮೆ ಆ ಬೀದಿಗೆ ಹೋಗಿ ಹಳಬರ ಹತ್ರ ವಿಚಾರಿಸಿ ನೋಡ್ತೇನೆ.